ಹಲ್ಲಿನ ಸೆಟ್ ಕಟ್ಟಿಸುತ್ತೀರಾ? ಮೊದಲು ಗುಲಾಬಿ ಭಾಗದ ಬಗ್ಗೆ ಕೇಳಿ

ಕಲಬುರಗಿಯ ಒಂದು ಡೆಂಟಲ್ ಲ್ಯಾಬಿನಲ್ಲಿ ನಾನು ಹಲ್ಲಿನ ಸೆಟ್ ಮಾಡುತ್ತೇನೆ. ಜೇವರ್ಗಿ, ಸೇಡಂ, ಶಹಾಪುರ, ಯಾದಗಿರಿ ಕಡೆಯಿಂದ ನಮ್ಮಲ್ಲಿಗೆ ಬಸ್ಸಿನಲ್ಲಿ ಅಳತೆಗಳು, ಅಂದರೆ ಡಾಕ್ಟರು ತೆಗೆದ ಬಾಯಿಯ ಅಚ್ಚುಗಳು, ಬರುತ್ತವೆ. ಪ್ರತಿ ಅಳತೆಯ ಜೊತೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಹಲ್ಲಿನ ಬಣ್ಣ, ಗಾತ್ರ ಬರೆದಿರುತ್ತಾರೆ. ಹಲ್ಲು ಕಟ್ಟಿಸುವವರು ಕೇಳುವುದೂ ಅದನ್ನೇ. “ಹಲ್ಲು ಛಂದ ಬೆಳ್ಳಗ ಇರ್ಲಿ ನೋಡ್ರಿ” ಅಂತಾರೆ. ಆ ಹಲ್ಲುಗಳನ್ನು ಹಿಡಿದಿಟ್ಟುಕೊಳ್ಳುವ ಗುಲಾಬಿ ಭಾಗದ ಬಗ್ಗೆ ಕೇಳುವವರು ತೀರಾ ಕಡಿಮೆ.

ಆದರೆ ಸೆಟ್ ಕೆಡುವುದು ಅಲ್ಲೇ. ನನ್ನ ಟೇಬಲ್ಲಿಗೆ ರಿಪೇರಿಗೆ ಬರುವವುಗಳಲ್ಲಿ ಹಲ್ಲು ಸವೆದು ಬಂದವು ಕಡಿಮೆ. ನಡುವೆ ಸೀಳಿದವು, ಅಂಚು ಮುರಿದವು, ಸಡಿಲಾದವು, ವಾಸನೆ ಹಿಡಿದವು ಜಾಸ್ತಿ. ಇವೆಲ್ಲ ಗುಲಾಬಿ ಭಾಗದ ತೊಂದರೆಗಳು. ಆ ಭಾಗಕ್ಕೆ ನಾವು ಬೇಸ್ ಅಂತೀವಿ. ವಸಡಿನ ಮೇಲೆ ಕೂಡುವುದು ಅದು. ರೊಟ್ಟಿ ಅಗಿಯುವಾಗ ಬೀಳುವ ಭಾರವನ್ನೆಲ್ಲ ಎಲುಬಿಗೆ ದಾಟಿಸುವುದೂ ಅದೇ. ಅದು ಯಾವುದರಿಂದ ಆಗಿದೆ, ಹೇಗೆ ಬೆಂದಿದೆ ಅನ್ನುವುದರ ಮೇಲೆ ನಿಮ್ಮ ಮುಂದಿನ ಐದಾರು ವರ್ಷದ ಊಟ ನಿಂತಿದೆ. ಹಾಗಾಗಿ ಅಪ್ಪ, ಅವ್ವ, ಮುತ್ಯಾ ಯಾರಿಗೇ ಸೆಟ್ ಕಟ್ಟಿಸುವುದಿದ್ದರೂ ಮುಂಚೆ ಇದನ್ನು ಒಂದು ಸಲ ಓದಿಕೊಳ್ಳಿ.

ಮೊದಲು ಬಾಯಿಯ ಪರಿಸ್ಥಿತಿ ತಿಳಿದುಕೊಳ್ಳಿ

ಹಲ್ಲು ಕೀಳಿಸಿದ ಮೇಲೆ ಅಲ್ಲಿನ ಎಲುಬು ಕರಗಲು ಶುರುವಾಗುತ್ತದೆ. ಮೊದಲ ಕೆಲವು ತಿಂಗಳು ಬೇಗ ಕರಗುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಅದಕ್ಕೇ ಡಾಕ್ಟರು ಸಾಮಾನ್ಯವಾಗಿ 2–3 ತಿಂಗಳು ಕಾಯಲು ಹೇಳುತ್ತಾರೆ. ಮನೆಯಲ್ಲಿ ಮದುವೆ ಇದೆ, ಅಷ್ಟು ದಿನ ಕಾಯಲು ಆಗಲ್ಲ ಅಂದರೆ ಕಿತ್ತ ದಿನವೇ ಹಾಕುವ ಸೆಟ್ಟೂ ಮಾಡಬಹುದು. ಆದರೆ ಕೆಲವೇ ತಿಂಗಳಲ್ಲಿ ಅದು ಸಡಿಲಾಗುತ್ತದೆ, ಒಳಮೈಗೆ ಹೊಸ ಪದರ ಹಾಕಿಸಬೇಕಾಗುತ್ತದೆ. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೇಲಿನ ಸೆಟ್ ಮತ್ತು ಕೆಳಗಿನ ಸೆಟ್ ಒಂದೇ ತರಹ ಅಲ್ಲ. ಮೇಲಿನದಕ್ಕೆ ಇಡೀ ಅಂಗುಳಿನ ಆಸರೆ ಇದೆ. ಬೇಸ್ ಮತ್ತು ಅಂಗುಳಿನ ನಡುವೆ ಎಂಜಲಿನ ತೆಳು ಪದರ ನಿಂತು ಎರಡನ್ನೂ ಅಂಟಿಸಿ ಹಿಡಿಯುತ್ತದೆ. ಎರಡು ಒದ್ದೆ ಗಾಜಿನ ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವಲ್ಲ, ಹಾಗೆ. ಕೆಳಗಿನದಕ್ಕೆ ಈ ಅನುಕೂಲ ಇಲ್ಲ. ಅದು ಕುದುರೆ ಲಾಳದ ಆಕಾರ, ನಡುವೆ ನಾಲಿಗೆ ಆಡುತ್ತಿರುತ್ತದೆ. ಮೇಲಾಗಿ ಕೆಳದವಡೆಯ ಎಲುಬು ಮೇಲಿನದಕ್ಕಿಂತ ಬೇಗ ಕರಗುತ್ತದೆ. “ಮೇಲಿಂದು ಗಟ್ಟಿ ಕೂತದ, ಕೆಳಗಿಂದು ಕುಣೀತದ” ಅಂತ ದೂರುವವರು ಬಹಳ ಮಂದಿ. ಎಷ್ಟೋ ಸಲ ಅದು ಮಾಡಿದವರ ತಪ್ಪಲ್ಲ, ಬಾಯಿಯ ಗುಣ.

ಡಾಕ್ಟರಿಗೆ ಕೆಲವು ವಿಷಯ ನೀವೇ ಬಾಯಿಬಿಟ್ಟು ಹೇಳಬೇಕು. ಸಕ್ಕರೆ ಕಾಯಿಲೆ ಇದೆಯೇ? ಬಾಯಿ ಒಣಗುತ್ತದೆಯೇ? ಎಂಜಲು ಕಡಿಮೆಯಾದರೆ ಸೆಟ್ಟಿನ ಹಿಡಿತವೂ ಕಡಿಮೆ, ಉಜ್ಜಿ ಗಾಯವಾಗುವುದೂ ಜಾಸ್ತಿ. ತಂಬಾಕು, ಎಲೆ ಅಡಿಕೆ ಹಾಕುವ ರೂಢಿ ಇದ್ದರೆ ಮುಚ್ಚಿಡಬೇಡಿ. ಅಗ್ಗದ ಕಿವಿಯೋಲೆ, ವಾಚಿನ ಚೈನು ಹಾಕಿದರೆ ತುರಿಕೆ ಬರುತ್ತದೆಯೇ? ಹಾಗಿದ್ದರೆ ನಿಕ್ಕಲ್ ಒಗ್ಗುವುದಿಲ್ಲ ಅಂತ ಇರಬಹುದು. ಲೋಹದ ಬೇಸ್ ಆರಿಸುವಾಗ ಈ ಮಾತು ಮುಖ್ಯ. ಹಿಂದಿನ ಸೆಟ್ ಮುರಿದಿದ್ದರೆ ಆ ತುಂಡುಗಳನ್ನೂ ತೆಗೆದುಕೊಂಡು ಹೋಗಿ. ಎಲ್ಲಿ ಮುರಿದಿದೆ ಅನ್ನುವುದನ್ನು ನೋಡಿದರೆ ಯಾಕೆ ಮುರಿಯಿತು ಅನ್ನುವುದು ಬಹಳ ಸಲ ಗೊತ್ತಾಗುತ್ತದೆ.

ಯಾವ ಬೇಸ್, ಯಾರಿಗೆ

ಮೊದಲೆಲ್ಲ ಬೇಸ್ ಅಂದರೆ ಗಟ್ಟಿ ರಬ್ಬರು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ರಬ್ಬರ್ ಹದ ಮಾಡುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ. ಅದೇ ದಾರಿಯಲ್ಲಿ 1850ರ ದಶಕದಲ್ಲಿ ವಲ್ಕನೈಟ್ ಅನ್ನುವ ಗಟ್ಟಿ ರಬ್ಬರಿನ ಸೆಟ್ಟುಗಳು ಬಂದವು. ಅಗ್ಗವಾಗಿದ್ದವು, ಬಾಯಿಗೆ ಸರಿಯಾಗಿ ಹೊಂದುತ್ತಿದ್ದವು. ಆದರೆ ಬಣ್ಣ ಕಂದು, ಬೆಳಕು ಹಾಯದ ಮಂದ ಮೈ, ಕಾಲ ಕಳೆದಂತೆ ವಾಸನೆ ಬೇರೆ. 1937ರ ಹೊತ್ತಿಗೆ ಅಕ್ರಿಲಿಕ್ ಬಂತು. ಹತ್ತು ವರ್ಷ ಕಳೆಯುವುದರೊಳಗೆ ರಬ್ಬರಿನ ಜಾಗವನ್ನು ಬಹುಪಾಲು ಹಿಡಿಯಿತು. ಇಂದಿಗೂ ನಮ್ಮ ಲ್ಯಾಬಿನ ಬಹುಪಾಲು ಕೆಲಸ ಅಕ್ರಿಲಿಕ್ಕಿನಲ್ಲೇ ನಡೆಯುತ್ತದೆ.

ಅಕ್ರಿಲಿಕ್ ನಿಮಗೆ ಹೊಸದೇನಲ್ಲ. ಸೂಪರ್ ಮಾರ್ಕೆಟ್ ಕಡೆ ಅಂಗಡಿಗಳ ಹೊಳೆಯುವ ಬೋರ್ಡು ನೋಡಿರುತ್ತೀರಲ್ಲ, ಅದರಲ್ಲಿರುವ ಪ್ಲಾಸ್ಟಿಕ್ಕಿನ ಜಾತಿಯೇ ಇದು. ಪೂರ್ತಿ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ನಮ್ಮ ಕೆಲಸಕ್ಕೆ ಗುಲಾಬಿ ಬಣ್ಣ ಸೇರಿರುತ್ತದೆ. ವಸಡಿನ ರಕ್ತನಾಳದಂತೆ ಕಾಣಲಿ ಅಂತ ಸಣ್ಣ ಕೆಂಪು ನಾರೂ ಇರುತ್ತದೆ. ಇದು ಹಗುರ. ಒಂದು ಘನ ಸೆಂಟಿಮೀಟರಿಗೆ 1.2 ಗ್ರಾಂ ಹತ್ತಿರ, ಅಂದರೆ ನೀರಿಗಿಂತ ಸ್ವಲ್ಪ ಭಾರ ಅಷ್ಟೇ. ಪಾಲಿಶ್ ಚೆನ್ನಾಗಿ ಬರುತ್ತದೆ. ಮುರಿದರೆ ಕೂಡಿಸಬಹುದು, ಸಡಿಲಾದರೆ ಒಳಗೆ ಪದರ ಹಾಕಬಹುದು, ಒಂದು ಹಲ್ಲು ಬಿದ್ದರೆ ಮತ್ತೆ ಕೂರಿಸಬಹುದು. ನನ್ನ ಕಣ್ಣಿಗೆ ಇದರ ದೊಡ್ಡ ಗುಣ ಈ ರಿಪೇರಿಯೇ. ಹಳ್ಳಿಯಿಂದ ಬಂದವರಿಗೆ ಅದು ಬಹಳ ದೊಡ್ಡದು.

ದೋಷಗಳೂ ಇವೆ. ಅಕ್ರಿಲಿಕ್ ಗಟ್ಟಿ, ಆದರೆ ಪೆಟ್ಟು ತಡೆಯುವುದಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಶಹಾಬಾದ್ ಫರ್ಸಿ ನೆಲ. ಬಚ್ಚಲಲ್ಲಿ ಸೆಟ್ ಕೈಜಾರಿ ಆ ಕಲ್ಲಿನ ಮೇಲೆ ಬಿದ್ದರೆ ಕಥೆ ಮುಗಿಯಿತು. ಶಾಖ ದಾಟಿಸುವುದೂ ಕಡಿಮೆ. ಮೇಲಿನ ಸೆಟ್ ಹಾಕಿದವರಿಗೆ ಚಹಾ ಎಷ್ಟು ಬಿಸಿ ಇದೆ ಅಂತ ಅಂಗುಳಿಗೆ ಗೊತ್ತಾಗುವುದಿಲ್ಲ, ಗಂಟಲು ಸುಟ್ಟ ಮೇಲೆ ಗೊತ್ತಾಗುತ್ತದೆ. ಹೊಸದಾಗಿ ಹಾಕಿಕೊಂಡವರು ಚಹಾವನ್ನು ಮೊದಲು ತುಟಿಗೆ ತಾಗಿಸಿ ನೋಡಿ ಕುಡಿಯಲಿ.

ಇದೇ ಅಕ್ರಿಲಿಕ್ಕಿನಲ್ಲಿ ಹೈ ಇಂಪ್ಯಾಕ್ಟ್ ಅಂತ ಇನ್ನೊಂದು ಬಗೆ ಇದೆ. ಅದರೊಳಗೆ ರಬ್ಬರಿನ ಸಣ್ಣ ಕಣಗಳನ್ನು ಬೆಸೆದಿರುತ್ತಾರೆ. ಬಿರುಕು ಓಡಲು ಶುರುವಾದರೆ ಆ ಕಣಗಳು ಅದನ್ನು ತಡೆಯುತ್ತವೆ. ಬೆಲೆ ಸ್ವಲ್ಪ ಜಾಸ್ತಿ. ಒಂದು ಸಲ ಸೆಟ್ ಮುರಿದುಕೊಂಡವರಿಗೆ, ಕೈ ನಡುಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆ ಹೆಚ್ಚಿನ ಹಣ ವ್ಯರ್ಥ ಅಲ್ಲ.

ಲೋಹದ ಬೇಸಿನಲ್ಲಿ ಕೋಬಾಲ್ಟ್-ಕ್ರೋಮಿಯಂ ಹೆಚ್ಚು ಬಳಕೆಯದು. ಇದನ್ನು ಎರಕ ಹೊಯ್ದು ಮಾಡುತ್ತಾರೆ. ಮೇಣದಲ್ಲಿ ಆಕಾರ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ಹೊರತೆಗೆದು, ಆ ಖಾಲಿ ಜಾಗಕ್ಕೆ ಕಾಯಿಸಿದ ಲೋಹ ಸುರಿಯುತ್ತಾರೆ. ಅಕ್ರಿಲಿಕ್ ಅಂಗುಳಿನಲ್ಲಿ ಸುಮಾರು 2 ಮಿಲಿಮೀಟರ್ ದಪ್ಪ ಬೇಕು. ಲೋಹಕ್ಕೆ ಅರ್ಧ ಮಿಲಿಮೀಟರ್ ಸಾಕು. ನಾಲಿಗೆಗೆ ಜಾಗ ಸಿಗುತ್ತದೆ, ಮಾತು ತೊದಲುವುದಿಲ್ಲ, ಬಿಸಿ ತಣ್ಣಗೆ ಗೊತ್ತಾಗುವುದರಿಂದ ಊಟಕ್ಕೆ ರುಚಿ ಇದೆ ಅನಿಸುತ್ತದೆ. ಬಾಗುವುದೂ ಇಲ್ಲ. ಕೆಲವು ಹಲ್ಲು ಇನ್ನೂ ಗಟ್ಟಿಯಾಗಿ ಉಳಿದವರಿಗೆ, ಮೇಲಿನ ಸೆಟ್ ನಡುವೆ ಸೀಳಿ ಸೀಳಿ ಬೇಸತ್ತವರಿಗೆ ಇದು ಒಳ್ಳೆಯ ದಾರಿ. ಖರ್ಚು ಜಾಸ್ತಿ. ವಸಡು ಕರಗಿದರೆ ಲೋಹದ ಮೈಗೆ ಪದರ ಹಾಕುವುದು ಕಷ್ಟ. ಹಾಗಾಗಿ ಹೊಸದಾಗಿ ಹಲ್ಲು ಕೀಳಿಸಿದವರಿಗೆ ಬೇಡ. ನಿಕ್ಕಲ್ ಒಗ್ಗದವರು ಬಿಲ್ಲಿನಲ್ಲಿ ಲೋಹದ ಹೆಸರು ಬರೆಸಿಕೊಳ್ಳಲಿ. ಅಂಥವರಿಗೆ ಟೈಟೇನಿಯಂ ಕೂಡ ಇದೆ. ಅದರ ತೂಕ ಕೋಬಾಲ್ಟ್-ಕ್ರೋಮಿಯಂನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಆದರೆ ಎರಕ ಹೊಯ್ಯುವುದು ಬಹಳ ಕಷ್ಟ.

ಈಗ ಫ್ಲೆಕ್ಸಿಬಲ್ ವಿಷಯ. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. “ಬಾಗುತ್ತದೆ, ಮುರಿಯೋದೇ ಇಲ್ಲ” ಅಂತ ಜಾಹೀರಾತು ನೋಡಿ ಅದೇ ಬೇಕು ಅನ್ನುವವರು ದಿನಾ ಬರುತ್ತಾರೆ. ಇದು ನೈಲಾನ್ ಜಾತಿಯದು. ಕಾಯಿಸಿ ಒತ್ತಡದಲ್ಲಿ ಅಚ್ಚಿಗೆ ಚುಚ್ಚಿ ಮಾಡುತ್ತಾರೆ. ಒಂದೆರಡು ಹಲ್ಲು ಹೋದವರಿಗೆ, ಪಕ್ಕದ ಹಲ್ಲಿಗೆ ಸಿಕ್ಕಿಸುವ ಲೋಹದ ಕೊಂಡಿ ಹೊರಗೆ ಕಾಣಬಾರದು ಅನ್ನುವವರಿಗೆ ಚೆನ್ನಾಗಿದೆ. ಅಕ್ರಿಲಿಕ್ ಒಗ್ಗದವರಿಗೂ ಆದೀತು. ಆದರೆ ಬಾಯಲ್ಲಿ ಒಂದೂ ಹಲ್ಲಿಲ್ಲದ ಮುತ್ಯಾಗೆ ಬಾಗುವ ಬೇಸ್ ಯಾಕೆ? ಅಗಿಯುವಾಗ ಬೇಸ್ ಬಾಗಿದರೆ ಭಾರ ಒಂದೇ ಕಡೆ ಬೀಳುತ್ತದೆ, ಅಲ್ಲಿ ವಸಡು ನೋಯುತ್ತದೆ. ಅದನ್ನು ತಿದ್ದಿ ಮತ್ತೆ ಪಾಲಿಶ್ ಮಾಡುವುದು ಕಷ್ಟ. ಪದರ ಹಾಕುವುದೂ, ಹೊಸ ಹಲ್ಲು ಸೇರಿಸುವುದೂ ಸುಲಭ ಅಲ್ಲ. ಮೈ ಒರಟಾದರೆ ಚಹಾ, ಎಲೆ ಅಡಿಕೆಯ ಕಲೆ ಬೇಗ ಹಿಡಿಯುತ್ತದೆ. ಪೂರ್ತಿ ಸೆಟ್ಟಿಗೆ ಫ್ಲೆಕ್ಸಿಬಲ್ ಮಾಡಿಸಿ ಎರಡು ಸಲ ಹಣ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಗಟ್ಟಿ ಬೇಸ್ ಕೊಡಿ ಅಂತ ಕೇಳಿ.

ಯಂತ್ರದಲ್ಲಿ ಕೊರೆದ ಸೆಟ್ಟುಗಳೂ ಈಗ ಬಂದಿವೆ. ಕಾರ್ಖಾನೆಯಲ್ಲೇ ಹೆಚ್ಚು ಒತ್ತಡದಲ್ಲಿ ಬೇಯಿಸಿದ ಅಕ್ರಿಲಿಕ್ ಬಿಲ್ಲೆಯಿಂದ ಕೊರೆಯುತ್ತಾರೆ. ಕುಗ್ಗುವುದೆಲ್ಲ ಮೊದಲೇ ಮುಗಿದಿರುವುದರಿಂದ ಬಾಯಿಗೆ ಚೆನ್ನಾಗಿ ಕೂಡುತ್ತದೆ. ತ್ರೀಡಿ ಪ್ರಿಂಟ್ ಬೇರೆ. ಅದು ಬೆಳಕಿಗೆ ಗಟ್ಟಿಯಾಗುವ ದ್ರವವನ್ನು ಪದರ ಪದರವಾಗಿ ಕಟ್ಟಿ ಮಾಡುವುದು. ಎರಡೂ ಕಂಪ್ಯೂಟರಿನವೇ ಆದರೂ ಗಟ್ಟಿತನದಲ್ಲಿ ಕೊರೆದದ್ದೇ ಮೇಲು.

ಅಕ್ರಿಲಿಕ್ ಬೇಯುವ ಬಗೆ

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ. ಒಳ್ಳೆಯ ಸೆಟ್ಟಿಗೂ ಕೆಟ್ಟ ಸೆಟ್ಟಿಗೂ ಇರುವ ವ್ಯತ್ಯಾಸ ಬಹುಪಾಲು ಇಲ್ಲೇ ಇದೆ.

ಅಕ್ರಿಲಿಕ್ ಎರಡು ಡಬ್ಬಿಯಲ್ಲಿ ಬರುತ್ತದೆ. ಒಂದರಲ್ಲಿ ಪೌಡರ್, ಇನ್ನೊಂದರಲ್ಲಿ ಲಿಕ್ವಿಡ್. ಲಿಕ್ವಿಡ್ಡಿನದು ಕಂದು ಬಾಟಲಿ, ಬೆಳಕು ತಾಗಿದರೆ ಅದು ತನ್ನಷ್ಟಕ್ಕೇ ಗಟ್ಟಿಯಾಗಲು ಶುರುವಾಗುತ್ತದೆ. ಮೂರು ಪಾಲು ಪೌಡರಿಗೆ ಒಂದು ಪಾಲು ಲಿಕ್ವಿಡ್ ಕಲಸುತ್ತೇವೆ. ಮೊದಲು ಒದ್ದೆ ಮರಳಿನಂತೆ ಇರುತ್ತದೆ. ಆಮೇಲೆ ಜೇನಿನಂತೆ ಎಳೆ ಎಳೆ ಬರುತ್ತದೆ. ಆಮೇಲೆ ಕೈಗೆ ಅಂಟದ ಕಣಕದ ಹದ. ಆ ಹದದಲ್ಲೇ ಅಚ್ಚಿಗೆ ತುಂಬಿ ಪ್ರೆಸ್ಸಿನಲ್ಲಿ ಒತ್ತಬೇಕು. ತಡವಾದರೆ ರಬ್ಬರಾಗುತ್ತದೆ, ಅಚ್ಚಿನ ಮೂಲೆಗೆ ಹೋಗುವುದಿಲ್ಲ. ಹೋಳಿಗೆ ಮಾಡುವವರಿಗೆ ಈ ಹದ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕಲಬುರಗಿ 42 ಡಿಗ್ರಿ ದಾಟಿದಾಗ ಈ ಹದ ಬಂದು ಹೋಗುವುದು ಬಹಳ ಬೇಗ. ಮೇ ತಿಂಗಳಲ್ಲಿ ನಾವು ಈ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿಬಿಡುತ್ತೇವೆ.

ಆಮೇಲೆ ನೀರಿನಲ್ಲಿ ಬೇಯಿಸುವುದು. 74 ಡಿಗ್ರಿಯಲ್ಲಿ 8 ಗಂಟೆ ಇಡುವುದು ಹಳೆಯ, ನಂಬಿಕೆಯ ಕ್ರಮ. ಬೇಗ ಬೇಕಾದರೆ 74 ಡಿಗ್ರಿಯಲ್ಲಿ 2 ಗಂಟೆ, ಆಮೇಲೆ ಕುದಿಯುವ ನೀರಿನಲ್ಲಿ 1 ಗಂಟೆ. ಇಷ್ಟು ನಿಧಾನ ಯಾಕೆ? ಆ ಲಿಕ್ವಿಡ್ ಕುದಿಯುವುದು 100.8 ಡಿಗ್ರಿಗೆ. ಗಟ್ಟಿಯಾಗುವಾಗ ಅಕ್ರಿಲಿಕ್ ತಾನೇ ಶಾಖ ಬಿಡುತ್ತದೆ. ಹೊರಗಿನ ನೀರೂ ಕುದಿಯುತ್ತಿದ್ದರೆ ದಪ್ಪ ಭಾಗದ ಒಳಗೆ ಶಾಖ ನೂರು ದಾಟುತ್ತದೆ. ಲಿಕ್ವಿಡ್ ಆವಿಯಾಗಿ ಗುಳ್ಳೆ ಏಳುತ್ತದೆ. ಸುತ್ತ ಗಟ್ಟಿಯಾಗಿರುವುದರಿಂದ ಗುಳ್ಳೆ ಅಲ್ಲೇ ಸಿಕ್ಕಿಬೀಳುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸ ಕಲಿಯುತ್ತಿದ್ದ ಕಾಲ. ಶರಣಬಸವೇಶ್ವರ ಜಾತ್ರೆಗೆ ಎರಡು ದಿನ ಇತ್ತು. ಒಬ್ಬ ಅಜ್ಜನ ಸೆಟ್ ತೇರಿನ ಮುಂಚೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅವಸರದಲ್ಲಿ ಅಚ್ಚನ್ನು ಸೀದಾ ಕುದಿಯುವ ನೀರಿಗೆ ಹಾಕಿದೆ. ಬಿಚ್ಚಿ ನೋಡಿದರೆ ಕೆಳಗಿನ ಸೆಟ್ಟಿನ ದಪ್ಪ ಭಾಗದ ತುಂಬ ತೂತು. ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಆ ಅಜ್ಜ ಹಲ್ಲಿಲ್ಲದೆಯೇ ಜಾತ್ರೆ ಮುಗಿಸಿದರು. ಆ ಬೇಸರ ನನಗೆ ಇನ್ನೂ ಹೋಗಿಲ್ಲ. ಅಂದಿನಿಂದ ಯಾರು ಎಷ್ಟೇ ಅವಸರ ಮಾಡಿದರೂ ನೀರಿನ ಶಾಖ ನೋಡದೆ ನಾನು ಅಚ್ಚು ಇಳಿಸುವುದಿಲ್ಲ. ನಿಮ್ಮಲ್ಲೂ ಬೇಡಿಕೊಳ್ಳುವುದು ಇದೇ. “ನಾಳೆನೇ ಬೇಕು” ಅಂತ ಒತ್ತಾಯ ಮಾಡಬೇಡಿ.

ಬೆಂದ ಮೇಲೆ ತಣಿಸುವುದೂ ನಿಧಾನವೇ. ಬಿಸಿ ಅಚ್ಚನ್ನು ತಣ್ಣೀರಿಗೆ ಹಾಕಿದರೆ ಬೇಸ್ ಒಳಗೊಳಗೇ ಎಳೆದುಕೊಂಡು ಸೊಟ್ಟಗಾಗುತ್ತದೆ. ಅರ್ಧ ಗಂಟೆ ಹೊರಗೆ ಆರಲು ಬಿಟ್ಟು, ಆಮೇಲೆ ನೀರಿಗೆ ಇಳಿಸುತ್ತೇವೆ.

ಸರಿಯಾಗಿ ಬೇಯದಿದ್ದರೆ ಇನ್ನೊಂದು ತೊಂದರೆ. ಗಟ್ಟಿಯಾಗದ ಲಿಕ್ವಿಡ್ ಸ್ವಲ್ಪ ಒಳಗೇ ಉಳಿಯುತ್ತದೆ, ಅದು ಬಾಯಿಗೆ ಉರಿ ತರಬಹುದು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬೇಯಿಸಿದ ಅಕ್ರಿಲಿಕ್ಕಿನಲ್ಲಿ ಇದು 2.2 ಶೇಕಡಾ ದಾಟಬಾರದು. ಚೆನ್ನಾಗಿ ಬೇಯಿಸಿದರೆ ಅರ್ಧ ಶೇಕಡಾಕ್ಕಿಂತ ಕೆಳಗೆ ಬರುತ್ತದೆ. ಬೇಯಿಸದೆ ತಾನೇ ಗಟ್ಟಿಯಾಗುವ ಸೆಲ್ಫ್ ಕ್ಯೂರ್ ಅಕ್ರಿಲಿಕ್ಕಿಗೆ 4.5 ಶೇಕಡಾ ತನಕ ಬಿಟ್ಟಿದ್ದಾರೆ. ಅದು ಅಷ್ಟು ಗಟ್ಟಿಯೂ ಅಲ್ಲ, ಬಣ್ಣವೂ ಬೇಗ ಹಳದಿಯಾಗುತ್ತದೆ. ರಿಪೇರಿಗೆ ಅದು ಸರಿ. ಇಡೀ ಸೆಟ್ಟಿಗೆ ಬೇಡ.

ಕ್ಲಿನಿಕ್ಕಿನಲ್ಲಿ ಏನು ಕೇಳಬೇಕು

ಮೂರು ಪ್ರಶ್ನೆ ಸಾಕು. ಬೇಸ್ ಹೀಟ್ ಕ್ಯೂರೋ (ಬೇಯಿಸಿದ್ದೋ) ಸೆಲ್ಫ್ ಕ್ಯೂರೋ? ಸಾದಾ ಅಕ್ರಿಲಿಕ್ಕೋ ಹೈ ಇಂಪ್ಯಾಕ್ಟೋ? ಸಡಿಲಾದರೆ ಇದಕ್ಕೆ ರಿಲೈನ್ ಮಾಡಲು, ಅಂದರೆ ಒಳಗೆ ಹೊಸ ಪದರ ಹಾಕಲು ಬರುತ್ತದೆಯೇ? ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ಡಾಕ್ಟರಿಗೆ ಇಂಥ ಪ್ರಶ್ನೆ ಖುಷಿ ಕೊಡುತ್ತದೆ. ಪೂರ್ತಿ ಸೆಟ್ಟಿಗೆ ಸಾಮಾನ್ಯವಾಗಿ 4–5 ಸಲ ಹೋಗಬೇಕಾಗುತ್ತದೆ. ಎರಡೇ ಭೇಟಿಯಲ್ಲಿ ಮುಗಿಸುತ್ತೇವೆ ಅಂದರೆ ಯಾವ ಹಂತ ಬಿಡುತ್ತಿದ್ದೀರಿ ಅಂತ ಕೇಳಿ.

ಹಣದ ಅಡಚಣೆ ಇದ್ದವರು ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್ ಬದರ್ ದಂತ ಕಾಲೇಜುಗಳಲ್ಲಿ ಕೃತಕ ಹಲ್ಲಿನ ವಿಭಾಗಕ್ಕೆ ಹೋಗಿ ನೋಡಿ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮಾಡುತ್ತಾರೆ, ಅಧ್ಯಾಪಕರು ಪ್ರತಿ ಹಂತ ನೋಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಹಂತ ಬಿಡುವುದಿಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ತಂದದ್ದು ದಂತಭಾಗ್ಯ ಯೋಜನೆ. ರೇಷನ್ ಕಾರ್ಡ್ ಹಿಡಿದು ಜಿಲ್ಲಾ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ವಿಚಾರಿಸಿ.

ಮೇಣದ ಟ್ರಯಲ್

ಬೇಸ್ ಬೇಯಿಸುವ ಮುಂಚೆ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುತ್ತಾರೆ. ಮೇಣದ ಕೆಳಗೆ ತಾತ್ಕಾಲಿಕ ತಟ್ಟೆ ಇರುತ್ತದೆ. ಹಲವು ಕಡೆ ಅದು ಅರಗಿನದು, ಮರದ ಮೇಲಿನ ಅರಗಿನ ಹುಳದಿಂದ ಬರುವ ಅದೇ ಅರಗು. ಅರಗೂ ಮೇಣವೂ ಶಾಖಕ್ಕೆ ಮೆತ್ತಗಾಗುತ್ತವೆ. ಒಂದು ಬೇಸಿಗೆಯಲ್ಲಿ ಯಾದಗಿರಿ ಕಡೆಯಿಂದ ಬಂದ ಟ್ರಯಲ್ ಡಬ್ಬಿ ತೆರೆದರೆ ಮುಂದಿನ ಹಲ್ಲು ನಾಲ್ಕೂ ಒಂದು ಕಡೆ ವಾಲಿದ್ದವು. ಬಸ್ಸಿನ ಕಿಟಕಿ ಪಕ್ಕ ಬಿಸಿಲಿಗೆ ಇಟ್ಟಿದ್ದರು. ಟ್ರಯಲ್ ನಿಮ್ಮ ಕೈಗೆ ಕೊಟ್ಟು ಕಳಿಸಿದರೆ ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ತಣ್ಣೀರಿನ ಡಬ್ಬಿಯಲ್ಲಿ ತನ್ನಿ.

ಟ್ರಯಲ್ ದಿನ ಮನೆಯವರು ಒಬ್ಬರು ಜೊತೆಗೆ ಹೋಗಿ. ಮುಖ ಹೇಗೆ ಕಾಣುತ್ತದೆ ಅನ್ನುವುದು ಕಟ್ಟಿಸಿಕೊಳ್ಳುವವರಿಗಿಂತ ಮನೆಯವರಿಗೆ ಬೇಗ ಗೊತ್ತಾಗುತ್ತದೆ. ಕನ್ನಡಿ ಹಿಡಿದು ಮಾತಾಡಿ, ನಗಿ. ಹಲ್ಲು ಉದ್ದ ಅನಿಸಿದರೆ, ತುಟಿ ಉಬ್ಬಿದ್ದರೆ ಆಗಲೇ ಹೇಳಿ. ಮೇಣದಲ್ಲಿ ತಿದ್ದುವುದು ಹತ್ತು ನಿಮಿಷದ ಕೆಲಸ. ಬೆಂದ ಮೇಲೆ ಆಗುವುದಿಲ್ಲ.

ಇನ್ನೊಂದು ಸಣ್ಣ ಮಾತು. ಹೆಸರು ಬರೆದ ಚೀಟಿಯನ್ನು ಬೇಸಿನ ಒಳಗೆ ಕೂರಿಸಿ ಮೇಲೆ ಪಾರದರ್ಶಕ ಅಕ್ರಿಲಿಕ್ ಮುಚ್ಚಲು ಬರುತ್ತದೆ. ಆಸ್ಪತ್ರೆಯಲ್ಲಿ, ವೃದ್ಧಾಶ್ರಮದಲ್ಲಿ ಸೆಟ್ಟುಗಳು ಅದಲುಬದಲಾಗುತ್ತವೆ. ಬೇಕಾದರೆ ಈ ಹಂತದಲ್ಲೇ ಹೇಳಿ.

ಸೆಟ್ ಕೈಗೆ ಬಂದ ದಿನ

ಬಾಯಿಗೆ ಹಾಕುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ಬೆಳಕಿಗೆ ಹಿಡಿಯಿರಿ. ಗುಲಾಬಿ ಭಾಗ ಒಂದೇ ಸಮ ಇರಬೇಕು. ದಪ್ಪ ಕಡೆ ಒಳಗೆ ಗುಳ್ಳೆ ಕಾಣುತ್ತಿದೆಯೇ? ಹಲ್ಲಿನ ಬುಡದಲ್ಲಿ ಬೆಳ್ಳಗಿನ ಗೆರೆ ಇದೆಯೇ? ಗುಳ್ಳೆ ಇದ್ದರೆ ಆ ಸೆಟ್ ಬೇಡ ಅನ್ನಿ. ಆ ತೂತುಗಳಲ್ಲಿ ಊಟದ ಕಣ ಕೂತು ವಾಸನೆ ಬರುತ್ತದೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಆಮೇಲೆ ಒಳಮೈ ಮೇಲೆ ಬೆರಳು ಆಡಿಸಿ. ಒಳಮೈ ಹೊಳೆಯುವುದಿಲ್ಲ, ಅದು ಸಹಜ. ಅಲ್ಲಿ ಪಾಲಿಶ್ ಮಾಡಿದರೆ ಅಳತೆ ಹೋಗುತ್ತದೆ. ಆದರೆ ಸಾಸಿವೆ ಕಾಳಿನಂಥ ಗುಬ್ಬಿ, ಮೊನೆ ಬೆರಳಿಗೆ ಚುಚ್ಚಬಾರದು. ಅಚ್ಚಿನಲ್ಲಿ ಗಾಳಿಗುಳ್ಳೆ ಇದ್ದರೆ ಇವು ಬರುತ್ತವೆ. ಡಾಕ್ಟರು ಅಲ್ಲೇ ಕೂತು ತೆಗೆಯಬಹುದು. ಹೊರಮೈ ಮತ್ತು ಅಂಚು ಮಾತ್ರ ಗಾಜಿನಂತೆ ನುಣುಪಾಗಿರಬೇಕು. ಮೇಲ್ದುಟಿಯ ನಡುವೆ ಒಳಗೆ ಒಂದು ತೆಳು ದಾರ ಇರುತ್ತದಲ್ಲ, ಅದಕ್ಕೆ ಜಾಗ ಬಿಟ್ಟು ಅಂಚಿನಲ್ಲಿ ಸಣ್ಣ ಕೊರೆತ ಮಾಡಿರುತ್ತಾರೆ. ಆ ಕೊರೆತ ದುಂಡಗಿರಬೇಕು. ಚೂಪಾಗಿದ್ದರೆ ಮುಂದೆ ಸೀಳುವುದು ಅಲ್ಲಿಂದಲೇ. ಬಾಯಿಗೆ ಹಾಕಿದ ಮೇಲೆ ಎರಡೂ ಕಡೆ ದವಡೆಹಲ್ಲಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಒತ್ತಿ. ತಕ್ಕಡಿಯಂತೆ ಆಡಿದರೆ ಹೇಳಿ.

ಹೊಸ ಸೆಟ್ಟನ್ನು ಕೊಡುವ ಮುಂಚೆ ಒಂದೆರಡು ದಿನ ನೀರಿನಲ್ಲಿ ಇಟ್ಟಿದ್ದರೆ ಒಳ್ಳೆಯದು. ಉಳಿದ ಲಿಕ್ವಿಡ್ ಸ್ವಲ್ಪ ಹೊರಗೆ ಹೋಗುತ್ತದೆ. ಅಕ್ರಿಲಿಕ್ ನೀರು ಹೀರಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಬೇಯುವಾಗ ಕುಗ್ಗಿದ್ದರಲ್ಲಿ ಸ್ವಲ್ಪ ಸರಿಹೋಗುತ್ತದೆ.

ಮನೆಯಲ್ಲಿ

ಮೊದಲ ವಾರ ನುಚ್ಚು, ಅನ್ನ ಬೇಳೆ, ಮೆತ್ತನ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಿ. ಎರಡೂ ಕಡೆ ಅಗಿಯಿರಿ. ಖಡಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ಮುರಿಯಬೇಡಿ, ಹಿಂದಿನ ಅಂಚು ಎದ್ದುಬಿಡುತ್ತದೆ. ಕೈಯಲ್ಲಿ ಮುರಿದು ಸಣ್ಣ ತುಂಡನ್ನು ದವಡೆಗೆ ಇಡಿ. ಶೇಂಗಾ ಹಿಂಡಿಯ ಕಣ ಬೇಸಿನ ಕೆಳಗೆ ಸೇರಿದರೆ ಚುಚ್ಚುತ್ತದೆ. ಊಟವಾದ ಮೇಲೆ ಸೆಟ್ ತೆಗೆದು ನೀರಿನಲ್ಲಿ ತೊಳೆಯುವುದು ರೂಢಿಯಾಗಲಿ.

ತೊಳೆಯುವಾಗ ಕೆಳಗೆ ಬಕೆಟ್ಟಿನಲ್ಲಿ ನೀರು ತುಂಬಿ ಇಟ್ಟುಕೊಳ್ಳಿ, ಇಲ್ಲವೇ ದಪ್ಪ ಟವೆಲ್ ಹಾಸಿ. ಜಾರಿದರೂ ಫರ್ಸಿಗೆ ಬೀಳುವುದಿಲ್ಲ. ಮೆತ್ತನೆ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಒಂದು ಹನಿ ಸಾಕು. ಟೂತ್‌ಪೇಸ್ಟ್ ಬೇಡ. ಬೂದಿ, ಹಲ್ಲುಪುಡಿ, ಉಪ್ಪು ಖಂಡಿತ ಬೇಡ. ಅವು ಮೈಯನ್ನು ಗೀರುತ್ತವೆ, ಗೀರಿನಲ್ಲಿ ಬೂಷ್ಟು ಕೂಡುತ್ತದೆ. ಬಿಸಿನೀರೂ ಬೇಡ. “ಕುದಿಯೋ ನೀರಾಗ ಹಾಕಿದ್ರ ಕ್ರಿಮಿ ಸಾಯ್ತಾವು” ಅಂತ ಸೆಟ್ ಕುದಿಸಿ ತಂದವರಿದ್ದಾರೆ. ಅಕ್ರಿಲಿಕ್ 70 ಡಿಗ್ರಿಯ ಆಸುಪಾಸಿನಿಂದಲೇ ಆಕಾರ ಬಿಡಲು ಶುರುಮಾಡುತ್ತದೆ. ಹಾಗೆ ಸೊಟ್ಟಗಾದದ್ದನ್ನು ಮತ್ತೆ ನೆಟ್ಟಗೆ ಮಾಡಲು ಬರುವುದಿಲ್ಲ. ಲೋಹದ ಬೇಸ್ ಇದ್ದವರು ಬ್ಲೀಚಿಂಗ್ ಇರುವ ಯಾವುದರಲ್ಲೂ ನೆನೆಸಬೇಡಿ, ಲೋಹ ಕಪ್ಪಾಗಿ ಕೊರೆಯುತ್ತದೆ.

ಬೋರ್‌ವೆಲ್ಲಿನ ಗಡಸು ನೀರು ಕುಡಿಯುವ ಊರುಗಳಿಂದ ಬರುವ ಸೆಟ್ಟುಗಳ ಮೇಲೆ ಬೆಳ್ಳಗಿನ ಗಾರೆ ಕಟ್ಟಿರುತ್ತದೆ. ಚಾಕುವಿನಿಂದ ಕೆರೆಯಬೇಡಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಅರ್ಧ ಗಂಟೆ ನೆನೆಸಿ, ಬ್ರಷ್ ಮಾಡಿ, ಚೆನ್ನಾಗಿ ತೊಳೆಯಿರಿ. ಇದು ಅಕ್ರಿಲಿಕ್ಕಿಗೆ ಮಾತ್ರ.

ರಾತ್ರಿ ಸೆಟ್ ತೆಗೆದು ಮಲಗಿ. ವಸಡಿಗೆ ಗಾಳಿ, ಎಂಜಲು ತಾಗಬೇಕು. ಹಗಲೂ ರಾತ್ರಿ ಹಾಕಿಕೊಂಡವರ ಅಂಗುಳು ಕೆಂಪಗಾಗಿ ಬೂಷ್ಟು ರೋಗ ಬರುತ್ತದೆ. ಎಷ್ಟೋ ಜನ ಅದನ್ನು “ಅಕ್ರಿಲಿಕ್ ಆಗಿಬರಲಿಲ್ಲ” ಅಂತ ತಿಳಿಯುತ್ತಾರೆ. ನಿಜವಾದ ಅಲರ್ಜಿ ಅಪರೂಪ. ತೆಗೆದ ಸೆಟ್ಟನ್ನು ತಣ್ಣೀರಿನ ಡಬ್ಬಿಯಲ್ಲಿ ಮುಚ್ಚಿಡಿ. ನಮ್ಮ ಬೇಸಿಗೆಯಲ್ಲಿ ಒಣಗಿಸಿಟ್ಟರೆ ಹೀರಿದ ನೀರು ಹೋಗಿ ಬೇಸ್ ಸ್ವಲ್ಪ ಆಕಾರ ತಪ್ಪುತ್ತದೆ. ಬೆಳಿಗ್ಗೆ ಹಾಕಿದರೆ ಬಿಗಿ, ನೋವು.

ಒಂದೆರಡು ಹಲ್ಲಿನ ಸಣ್ಣ ಸೆಟ್ ಇದ್ದು ಕೊಂಡಿ ಮುರಿದಿದ್ದರೆ ಅದನ್ನು ಹಾಕಲೇಬೇಡಿ. ನುಂಗಿದರೆ ಸಾದಾ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಡಾಕ್ಟರಿಗೆ ಹುಡುಕುವುದೇ ಕಷ್ಟವಾಗುತ್ತದೆ.

ನೋವು, ಸಡಿಲ, ಮುರಿತ

ಹೊಸ ಸೆಟ್ ಒಂದೆರಡು ಕಡೆ ಉಜ್ಜುವುದು ಸಾಮಾನ್ಯ. ನೀವೇ ಚಾಕು, ಮರಳುಕಾಗದ ಹಿಡಿಯಬೇಡಿ. ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಸೆಟ್ ಹಾಕಿಕೊಂಡಿರಿ, ಹುಣ್ಣಿನ ಗುರುತು ಇದ್ದರೆ ಎಲ್ಲಿ ಸವೆಸಬೇಕು ಅಂತ ಗೊತ್ತಾಗುತ್ತದೆ. ಸೆಟ್ ತೆಗೆದಿಟ್ಟ ಮೇಲೂ ಒಂದು ಹುಣ್ಣು 2 ವಾರದಲ್ಲಿ ಮಾಯದಿದ್ದರೆ ಕಾಯಬೇಡಿ. ತಂಬಾಕು, ಗುಟ್ಕಾ ಹಾಕಿದವರಂತೂ ಒಂದು ದಿನವೂ ತಡ ಮಾಡದೆ ಆಸ್ಪತ್ರೆಗೆ ತೋರಿಸಿ. ಅದು ಸೆಟ್ಟಿನ ಹುಣ್ಣು ಅಂತ ಸುಮ್ನೆ ಕೂತು ಕ್ಯಾನ್ಸರ್ ಬೆಳೆಸಿಕೊಂಡವರಿದ್ದಾರೆ.

ವರ್ಷ ಎರಡು ವರ್ಷಕ್ಕೆ ಸಡಿಲ ಅನಿಸಿದರೆ ಅಂಗಡಿಯ ಅಂಟು ಪೇಸ್ಟಿನಿಂದ ದಿನ ದೂಡಬೇಡಿ. ಬೇಸ್ ಹಾಗೇ ಇದೆ, ಎಲುಬು ಕರಗಿದೆ. ರಿಲೈನ್ ಮಾಡಿಸಿ. ಸಡಿಲ ಬೇಸ್ ಪ್ರತಿ ತುತ್ತಿಗೂ ನಡುವೆ ಬಾಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತದಲ್ಲ, ಹಾಗೆ ಒಂದು ದಿನ ಮೆತ್ತನ ಅನ್ನ ತಿನ್ನುವಾಗಲೇ ಸೀಳುತ್ತದೆ. ವಸಡು ಬಹಳ ತೆಳುವಾಗಿ ನೋಯುವವರಿಗೆ ಒಳಗೆ ಮೆತ್ತನೆ ಸಿಲಿಕಾನ್ ಪದರ ಹಾಕಬಹುದು. ಹಿತವಾಗಿರುತ್ತದೆ, ಆದರೆ ಬಾಳಿಕೆ ಕಡಿಮೆ, ಬೂಷ್ಟು ಬೇಗ ಹಿಡಿಯುತ್ತದೆ.

ಸೆಟ್ ಮುರಿದೇಬಿಟ್ಟರೆ ಫೆವಿಕ್ವಿಕ್ ಹಚ್ಚಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ತುಂಡುಗಳು ಕೂದಲೆಳೆ ಸರಿದು ಅಂಟಿದರೂ ಬಾಯಿಗೆ ಕೂಡುವುದಿಲ್ಲ. ಆ ಅಂಟನ್ನು ಬಿಡಿಸಲು ಹೋದರೆ ಮುರಿದ ಅಂಚು ಹಾಳಾಗುತ್ತದೆ, ಆಮೇಲೆ ನಾವೂ ಅದನ್ನು ಸರಿಯಾಗಿ ಹೊಂದಿಸಲಾರೆವು. ಜೋಳದಷ್ಟು ಸಣ್ಣ ಚೂರು ಇದ್ದರೂ ಎತ್ತಿಡಿ. ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಬರುವಾಗ ಮುರಿದದ್ದೊಂದೇ ಅಲ್ಲ, ಮೇಲಿನದು ಕೆಳಗಿನದು ಎರಡನ್ನೂ ತನ್ನಿ. ಸೆಟ್ ಹಾಕುವವರನ್ನೂ ಕರೆದುಕೊಂಡು ಬನ್ನಿ, ಕೂಡಿಸಿದ ಮೇಲೆ ಡಾಕ್ಟರು ಅವರ ಬಾಯಲ್ಲೇ ಇಟ್ಟು ನೋಡಬೇಕಾಗುತ್ತದೆ.